ಇಷ್ಟೆಲ್ಲ ಬದಲಾದರೂ ಡಾಕ್ಟರ್ ಹೂ ಅದೇ ಸರಣಿಯಾಗಿ ಉಳಿದದ್ದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಡಾಕ್ಟರ್ ಹೂ ಬಗ್ಗೆ ಮಾತು ತೆಗೆದಾಗಲೆಲ್ಲ ಎದುರಾಗುವ ಪ್ರಶ್ನೆಗಳನ್ನು, ಕೇಳಿದವರ ಮಾತಿನಲ್ಲೇ, ಇಲ್ಲಿ ಒಟ್ಟು ಮಾಡಿದ್ದೇನೆ. ಮೊದಲು ಹೊಸಬರದು, ಕೊನೆಗೆ ವರ್ಷಗಟ್ಟಲೆ ನೋಡಿ ವಾದಕ್ಕೆ ನಿಲ್ಲುವವರದು. ಕಥೆಯ ತಿರುವುಗಳನ್ನು ಮುಚ್ಚಿಟ್ಟಿಲ್ಲ, ಇನ್ನೂ ನೋಡದವರು ಅದನ್ನು ಗಮನದಲ್ಲಿಟ್ಟುಕೊಂಡು ಓದಿ.

## ಹೊಸದಾಗಿ ನೋಡುವವರಿಗೆ

ಡಾಕ್ಟರ್ ಹೂ ಅಂದರೆ ಏನು? ಸ್ವಲ್ಪದರಲ್ಲಿ ಹೇಳಿ.

1963ರ ನವೆಂಬರ್ 23ರಂದು ಬಿಬಿಸಿಯಲ್ಲಿ ಶುರುವಾದ ವೈಜ್ಞಾನಿಕ ಕಲ್ಪನೆಯ ಸರಣಿ. ಡಾಕ್ಟರ್ ಎಂದಷ್ಟೇ ಕರೆಸಿಕೊಳ್ಳುವ ಅನ್ಯಗ್ರಹದ ಅಲೆಮಾರಿಯೊಬ್ಬ ಟಾರ್ಡಿಸ್ ಎಂಬ ಯಂತ್ರದಲ್ಲಿ ಹಿಂದಿನ ಕಾಲ, ಮುಂದಿನ ಕಾಲ, ಬೇರೆ ಲೋಕ ಎಲ್ಲವನ್ನೂ ಸುತ್ತುತ್ತಾನೆ. ಟಾರ್ಡಿಸ್ ಹೊರಗಿನಿಂದ ನೀಲಿ ಬಣ್ಣದ ಹಳೆಯ ಪೊಲೀಸ್ ಬಾಕ್ಸ್ (ಪೊಲೀಸರಿಗೆ ಫೋನ್ ಮಾಡಲು ಬೀದಿಯಲ್ಲಿಡುತ್ತಿದ್ದ ಗೂಡು), ಒಳಗೆ ಹೋದರೆ ಅರಮನೆಯಷ್ಟು ಜಾಗ. ಜೊತೆಗೆ ಒಬ್ಬಿಬ್ಬರು ಸಂಗಾತಿಗಳು, ಹೆಚ್ಚಾಗಿ ನಮ್ಮ ಭೂಮಿಯವರೇ. 1989ರವರೆಗೆ ನಡೆದು ನಿಂತಿತು, 1996ರಲ್ಲಿ ಒಂದು ಟಿವಿ ಚಿತ್ರ ಬಂತು, 2005ರಲ್ಲಿ ಮತ್ತೆ ಶುರುವಾಯಿತು.

ಒಬ್ಬನೇ ಡಾಕ್ಟರ್‌ಗೆ ಇಷ್ಟೊಂದು ನಟರು ಯಾಕೆ?

ಮೊದಲ ಡಾಕ್ಟರ್ ಆಗಿದ್ದ ವಿಲಿಯಂ ಹಾರ್ಟ್‌ನೆಲ್ ಅವರ ಆರೋಗ್ಯ 1966ರ ಹೊತ್ತಿಗೆ ಕೈಕೊಟ್ಟಿತ್ತು. ಸಂಭಾಷಣೆ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಸರಣಿ ಚೆನ್ನಾಗಿ ಓಡುತ್ತಿತ್ತು, ನಿಲ್ಲಿಸಲು ಬಿಬಿಸಿಗೆ ಮನಸ್ಸಿರಲಿಲ್ಲ. ಡಾಕ್ಟರ್ ಮನುಷ್ಯನೇ ಅಲ್ಲವಲ್ಲ, ಅವನ ದೇಹ ಹಳತಾದಾಗ ಹೊಸದಾಗುತ್ತದೆ ಎಂದರೆ ಏನು ತಪ್ಪು ಎಂದು ಯೋಚಿಸಿದರು. ಆ ವರ್ಷದ ಅಕ್ಟೋಬರ್ 29ರಂದು ಪ್ರಸಾರವಾದ ಕಂತಿನ ಕೊನೆಯಲ್ಲಿ ಹಾರ್ಟ್‌ನೆಲ್ ಟಾರ್ಡಿಸ್‌ನ ನೆಲಕ್ಕೆ ಕುಸಿಯುತ್ತಾರೆ. ಮುಖ ಬೆಳಕಿನಲ್ಲಿ ಕರಗಿ ಪ್ಯಾಟ್ರಿಕ್ ಟ್ರೌಟನ್ ಅವರ ಮುಖವಾಗುತ್ತದೆ.

ಇದನ್ನು ರೀಜನರೇಷನ್ ಎಂದು ಕರೆಯತೊಡಗಿದ್ದು 1974ರಲ್ಲಿ. ಡಾಕ್ಟರ್ ಯಾವ ಜನಾಂಗದವನು ಎಂಬುದೇ 1969ರವರೆಗೆ ತೀರ್ಮಾನವಾಗಿರಲಿಲ್ಲ, ಅವನ ಜನಾಂಗವಾದ ಟೈಂ ಲಾರ್ಡ್ಸ್ ತೆರೆಗೆ ಬಂದದ್ದು ಆಗ. ಮೊದಲು ಅಗತ್ಯ ಬಿತ್ತು, ಪುರಾಣ ಆಮೇಲೆ ಕಟ್ಟಿದರು. ಈ ಸರಣಿಯಲ್ಲಿ ಬಹುತೇಕ ಎಲ್ಲವೂ ನಡೆದದ್ದು ಇದೇ ಕ್ರಮದಲ್ಲಿ.

ನಮ್ಮ ಧಾರಾವಾಹಿಗಳಲ್ಲೂ ಪಾತ್ರಧಾರಿಗಳು ಬದಲಾಗ್ತಾರೆ. ಇದರಲ್ಲೇನು ವಿಶೇಷ?

ನಮ್ಮ ದಿನನಿತ್ಯದ ಧಾರಾವಾಹಿಯಲ್ಲಿ ಸೊಸೆಯ ಪಾತ್ರಕ್ಕೆ ಹೊಸಬರು ಬಂದರೆ ಮನೆಯವರೆಲ್ಲ ಏನೂ ಆಗಿಲ್ಲದಂತೆ ಮಾತು ಮುಂದುವರಿಸುತ್ತಾರೆ. ನೋಡುವವರು ಎರಡು ವಾರ ಮುಖ ಸಿಂಡರಿಸಿಕೊಂಡು ಆಮೇಲೆ ಒಗ್ಗಿಕೊಳ್ಳುತ್ತಾರೆ. ಆ ಕಸಿವಿಸಿಗೆ ಕಥೆಯೊಳಗೆ ಜಾಗವಿರುವುದಿಲ್ಲ.

ಡಾಕ್ಟರ್ ಹೂ ಆ ಕಸಿವಿಸಿಯನ್ನೇ ಕಥೆ ಮಾಡಿತು. ಟ್ರೌಟನ್ ಅವರ ಮೊದಲ ಕಥೆ, 'ದಿ ಪವರ್ ಆಫ್ ದಿ ಡಾಲೆಕ್ಸ್', ಶುರುವಾಗುವುದನ್ನು ನೋಡಿ. ಸಂಗಾತಿಗಳಾದ ಬೆನ್ ಮತ್ತು ಪಾಲಿ ಎದುರಿಗೆ ಅಪರಿಚಿತನೊಬ್ಬ ಎದ್ದು ನಿಂತಿದ್ದಾನೆ. ಪಾಲಿಗೆ ಇವನೇ ಡಾಕ್ಟರ್ ಇರಬಹುದು ಅನ್ನಿಸುತ್ತದೆ. ಬೆನ್ ನಂಬುವುದಿಲ್ಲ. ಡಾಕ್ಟರ್ ತೊಡುತ್ತಿದ್ದ ಉಂಗುರವನ್ನು ಹೊಸಬನ ಬೆರಳಿಗೆ ಹಾಕಿ ನೋಡುತ್ತಾನೆ, ಅದು ಕೂರುವುದಿಲ್ಲ. ಚಿಟ್ಟೆ ರೆಕ್ಕೆ ಬಿಚ್ಚಿದ ಮೇಲೆ ಗೂಡಿನೊಳಗೆ ಹಿಡಿಸುತ್ತದೆಯೇ ಎಂದು ಹೊಸಬ ಕೇಳುತ್ತಾನೆ. ಅವನು ಕನ್ನಡಿ ಹಿಡಿದಾಗ ಅದರಲ್ಲಿ ಕಾಣುವುದು ಹಾರ್ಟ್‌ನೆಲ್ ಮುಖ. ಬೆನ್‌ನ ಅನುಮಾನ ಕರಗುವುದಕ್ಕೆ ಕಾರಣವಾಗುವುದು ಬದ್ಧವೈರಿ: ಲೋಹದ ಕವಚದೊಳಗಿನ ಅನ್ಯಗ್ರಹ ಜೀವಿಯಾದ ಡಾಲೆಕ್ ಈ ಹೊಸ ಮುಖವನ್ನು ಗುರುತು ಹಿಡಿಯುತ್ತದೆ. ಶತ್ರುವೇ ಸಾಕ್ಷಿ ಹೇಳಿದ ಮೇಲೆ ಮನೆಯಲ್ಲಿ ಕೂತ ಮಗುವೂ ಒಪ್ಪಲೇಬೇಕು.

ನನ್ನ ಪ್ರಕಾರ ಈ ಸರಣಿಯ ಆಯುಷ್ಯದ ಗುಟ್ಟು ಇದೇ. ದೊಡ್ಡ ಬದಲಾವಣೆ ಬಂದಾಗ ನೋಡುಗರ ಅನುಮಾನವನ್ನು ಹೊತ್ತ ಒಬ್ಬರು ತೆರೆಯ ಮೇಲೆ ಇರಬೇಕು, ನಮ್ಮ ಪರವಾಗಿ ಅವರು ಪ್ರಶ್ನೆ ಕೇಳಬೇಕು, ಅವರಿಗೆ ಉತ್ತರ ಸಿಗಬೇಕು.

ಮೊದಲ ಕಂತಿನಿಂದಲೇ ನೋಡಬೇಕಾ? ಅಷ್ಟು ಟೈಮ್ ಇಲ್ಲ.

ಬೇಡ. 2005ರ 'ರೋಸ್' ಅಥವಾ 2010ರ 'ದಿ ಇಲೆವೆಂತ್ ಅವರ್' ಒಳ್ಳೆಯ ಬಾಗಿಲುಗಳು. ಎರಡನೆಯದು ನನಗೆ ಇನ್ನೂ ಹತ್ತಿರ. ಆ ಒಂದೇ ಕಂತಿನಲ್ಲಿ ಡಾಕ್ಟರ್, ಸಂಗಾತಿ, ಟಾರ್ಡಿಸ್‌ನ ಒಳಾಂಗಣ, ಮುಖ್ಯ ಬರಹಗಾರ ಎಲ್ಲರೂ ಹೊಸಬರು. ಹಾಗಿದ್ದೂ ಗಾಬರಿಯಾಗುವುದಿಲ್ಲ. ಹೊಸ ಡಾಕ್ಟರ್ ಮ್ಯಾಟ್ ಸ್ಮಿತ್ ರಾತ್ರಿ ಹೊತ್ತು ಪುಟ್ಟ ಹುಡುಗಿಯೊಬ್ಬಳ ಅಡುಗೆಮನೆಯಲ್ಲಿ ಹಸಿವು ಅನ್ನುತ್ತಾನೆ. ಸೇಬು ಕಚ್ಚಿ ಉಗುಳುತ್ತಾನೆ, ಮೊಸರು ಉಗುಳುತ್ತಾನೆ, ಬೇಕನ್ ಉಗುಳುತ್ತಾನೆ, ಬೆಣ್ಣೆ ಹಚ್ಚಿದ ಬ್ರೆಡ್ಡನ್ನು ತಟ್ಟೆಯ ಸಮೇತ ಬಾಗಿಲಾಚೆ ಎಸೆಯುತ್ತಾನೆ. ಕೊನೆಗೆ ಕಸ್ಟರ್ಡ್‌ನಲ್ಲಿ ಅದ್ದಿದ ಮೀನಿನ ತುಂಡು ನಾಲಿಗೆಗೆ ಹಿಡಿಸುತ್ತದೆ. ಹೊಸ ದೇಹಕ್ಕೆ ತನ್ನ ರುಚಿ ಯಾವುದೆಂದು ಗೊತ್ತಿಲ್ಲ, ನಮಗೂ ಗೊತ್ತಿಲ್ಲ, ಆ ಹುಡುಗಿಯ ಜೊತೆ ಕೂತು ಕಂಡುಕೊಳ್ಳುತ್ತೇವೆ.

## ತೆರೆಯ ಹಿಂದಿನ ಬದಲಾವಣೆಗಳು

ಸರಣಿಯ ಸ್ವಭಾವ ನಿರ್ಧರಿಸೋದು ಯಾರು, ಡಾಕ್ಟರ್ ಆಗಿರುವ ನಟನಾ?

ಪೂರ್ತಿಯಾಗಿ ಅಲ್ಲ. ಹಳೆಯ ಸರಣಿಯಲ್ಲಿ ನಿರ್ಮಾಪಕ ಮತ್ತು ಸ್ಕ್ರಿಪ್ಟ್ ಎಡಿಟರ್, 2005ರ ನಂತರ ಷೋ ರನ್ನರ್ ಎಂಬ ಮುಖ್ಯ ಬರಹಗಾರ, ಇವರದೇ ನಿಜವಾದ ಹಿಡಿತ. ಟಾಮ್ ಬೇಕರ್ ಅವಧಿ ನೋಡಿದರೆ ಇದು ಸ್ಪಷ್ಟವಾಗುತ್ತದೆ. 1974ರಿಂದ 1981ರವರೆಗೆ ಡಾಕ್ಟರ್ ಒಬ್ಬರೇ, ಅದೇ ಗುಂಗುರು ಕೂದಲು, ಅದೇ ಅಗಲ ನಗು, ಹೆಚ್ಚುಕಡಿಮೆ ಅದೇ ಉದ್ದನೆಯ ಮಫ್ಲರ್. ಆದರೆ ಸರಣಿ ಮೂರು ಸಲ ಬಣ್ಣ ಬದಲಿಸಿತು.

ಮೊದಲು ಫಿಲಿಪ್ ಹಿಂಚ್‌ಕ್ಲಿಫ್ ಮತ್ತು ರಾಬರ್ಟ್ ಹೋಮ್ಸ್ ಅದನ್ನು ಕತ್ತಲೆಯ, ಹೆದರಿಸುವ ಕಥೆಗಳ ಕಡೆ ಒಯ್ದರು. 1976ರ 'ದಿ ಡೆಡ್ಲಿ ಅಸಾಸಿನ್'ನಲ್ಲಿ ಡಾಕ್ಟರ್‌ನ ತಲೆಯನ್ನು ನೀರಿನಲ್ಲಿ ಅದುಮಿ ಹಿಡಿದ ದೃಶ್ಯ ಹಾಗೇ ನಿಂತು ಕಂತು ಮುಗಿಯಿತು. ಟಿವಿಯಲ್ಲಿನ ಹಿಂಸೆಯ ವಿರುದ್ಧ ಹೋರಾಡುತ್ತಿದ್ದ ಮೇರಿ ವೈಟ್‌ಹೌಸ್ ಉಗ್ರವಾಗಿ ಪ್ರತಿಭಟಿಸಿದರು. ಮುಂದಿನ ನಿರ್ಮಾಪಕ ಗ್ರಹಾಂ ವಿಲಿಯಮ್ಸ್ ಭಯ ತಗ್ಗಿಸಬೇಕೆಂಬ ಸೂಚನೆ ಹೊತ್ತೇ ಬಂದರು. ಜಾಗ ಖಾಲಿಯಾದ ಕಡೆ ಹಾಸ್ಯ ತುಂಬಿತು. ಡಗ್ಲಸ್ ಆಡಮ್ಸ್ ಸ್ಕ್ರಿಪ್ಟ್ ಎಡಿಟರ್ ಆದಾಗ ಅದು ತುತ್ತತುದಿಗೆ ಹೋಯಿತು. 1980ರಲ್ಲಿ ಜಾನ್ ನೇಥನ್ ಟರ್ನರ್ ಬಂದು ಆ ಹಾಸ್ಯವನ್ನೇ ಕತ್ತರಿಸಿದರು.

ಇದೇ ಅವಧಿಯ 'ಸಿಟಿ ಆಫ್ ಡೆತ್'ನ ಕೊನೆಯ ಕಂತನ್ನು 1979ರಲ್ಲಿ ಸುಮಾರು 1.6 ಕೋಟಿ ಜನ ನೋಡಿದರು ಎಂದು ಹೇಳುವವರು, ಆಗ ಎದುರಾಳಿ ಐಟಿವಿ ವಾಹಿನಿ ಮುಷ್ಕರದಿಂದ ಮುಚ್ಚಿತ್ತು ಎಂಬುದನ್ನೂ ಹೇಳಬೇಕು. ವೀಕ್ಷಕರ ಸಂಖ್ಯೆಯೊಂದರಿಂದಲೇ ಯಾವ ಬದಲಾವಣೆಯನ್ನೂ ಅಳೆಯಲಾಗದು.

ಶುರುವಿನಲ್ಲಿ ಮಕ್ಕಳಿಗೆ ಪಾಠ ಹೇಳೋ ಕಾರ್ಯಕ್ರಮ ಆಗಿತ್ತಂತೆ, ಹೌದಾ?

ಆ ಉದ್ದೇಶವೂ ಇತ್ತು. ಮೊದಲ ಸಂಗಾತಿಗಳಲ್ಲಿ ಇಯನ್ ವಿಜ್ಞಾನದ ಮೇಷ್ಟ್ರು, ಬಾರ್ಬರಾ ಇತಿಹಾಸದ ಟೀಚರ್. ಕಣ್ಣು ಹೊರಚಾಚಿದ ರಾಕ್ಷಸರು ಬೇಡವೇ ಬೇಡ ಎಂಬುದು ಬಿಬಿಸಿ ನಾಟಕ ವಿಭಾಗದ ಮುಖ್ಯಸ್ಥ ಸಿಡ್ನಿ ನ್ಯೂಮನ್ ಅವರ ಕಟ್ಟಪ್ಪಣೆ. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್, ಆಗಿನ್ನೂ 27ರ ಹರೆಯ, ಎರಡನೆಯ ಕಥೆಗೇ ಡಾಲೆಕ್‌ಗಳನ್ನು ತಂದರು. ಟೆರ್ರಿ ನೇಷನ್ ಬರೆದದ್ದು, ರೇಮಂಡ್ ಕ್ಯೂಸಿಕ್ ರೂಪ ಕೊಟ್ಟದ್ದು. ನ್ಯೂಮನ್ ಸಿಟ್ಟಾದರು, ಬ್ರಿಟನ್ನಿನ ಮಕ್ಕಳು ಹುಚ್ಚೆದ್ದು ನೋಡಿದರು. ರಾಕ್ಷಸರಿಲ್ಲದ ಶುದ್ಧ ಇತಿಹಾಸದ ಕಥೆಗಳು 1967ರ ಹೊತ್ತಿಗೆ ನಿಂತೇ ಹೋದವು. ನನಗೆ ಅದರ ಬಗ್ಗೆ ಬೇಸರವಿದೆ, ಅವುಗಳಲ್ಲಿ ಕೆಲವು ಬಹಳ ಚೆನ್ನಾಗಿದ್ದವು.

ಕಲೆ ಗಿಲೆ ಅಂತ ಹೇಳ್ತೀರಿ, ಕೊನೆಗೆ ಎಲ್ಲ ದುಡ್ಡಿನ ಲೆಕ್ಕ ಅಲ್ವಾ?

ಬಹಳ ಸಲ ಹೌದು, ಅದರಲ್ಲಿ ತಪ್ಪೂ ಇಲ್ಲ. 1970ರಲ್ಲಿ ಸರಣಿ ಬಣ್ಣಕ್ಕೆ ತಿರುಗಿದಾಗ ಪ್ರತಿ ವಾರ ಹೊಸ ಗ್ರಹ ಕಟ್ಟುವಷ್ಟು ಹಣವಿರಲಿಲ್ಲ. ಹಿಂದಿನ ವರ್ಷದ 44 ಕಂತುಗಳು 25ಕ್ಕೆ ಇಳಿದವು. ಟೈಂ ಲಾರ್ಡ್ಸ್ ಡಾಕ್ಟರ್‌ನನ್ನು ಭೂಮಿಗೆ ಗಡೀಪಾರು ಮಾಡಿದರು ಎಂದು ಕಥೆ ಹೆಣೆದರು. ಜಾನ್ ಪರ್ಟ್ವೀ ಡಾಕ್ಟರ್ ಆಗಿ ಬಂದ ಮೊದಲ ಕಥೆಯಲ್ಲೇ ಬಟ್ಟೆ ಅಂಗಡಿಯ ಗಾಜಿನ ಹಿಂದೆ ನಿಂತ ಗೊಂಬೆಗಳು ಬೆಳಗಿನ ಬೀದಿಗೆ ಇಳಿದು ಜನರನ್ನು ಕೊಲ್ಲತೊಡಗುತ್ತವೆ. ದೂರದ ಗ್ರಹದ ರಾಕ್ಷಸನಿಗಿಂತ ದಿನಾ ದಾಟಿ ಹೋಗುವ ಅಂಗಡಿಯ ಗೊಂಬೆ ಎಷ್ಟೋ ಪಾಲು ಹೆಚ್ಚು ಹೆದರಿಸಿತು. 2005ರಲ್ಲಿ ಸರಣಿಯನ್ನು ಮತ್ತೆ ಶುರು ಮಾಡುವಾಗ ರಸೆಲ್ ಟಿ ಡೇವಿಸ್ ಮೊದಲ ಕಂತಿಗೆ ಆರಿಸಿಕೊಂಡದ್ದು ಅದೇ ಗೊಂಬೆಗಳನ್ನು.

ಶೀರ್ಷಿಕೆ ಸಂಗೀತ ಮಾತ್ರ ಬದಲಾಗಿಲ್ಲ ಅನ್ಸುತ್ತೆ, ಸರೀನಾ?

ರಾಗ ಅದೇ, ವಾದ್ಯವಿನ್ಯಾಸ ಹಲವು ಸಲ ಬದಲಾಗಿದೆ. ರಾನ್ ಗ್ರೈನರ್ ಬರೆದ ಸ್ವರಗಳನ್ನು 1963ರಲ್ಲಿ ಡೀಲಿಯಾ ಡರ್ಬಿಶೈರ್ ಬಿಬಿಸಿಯ ರೇಡಿಯೊಫೋನಿಕ್ ವರ್ಕ್‌ಶಾಪ್‌ನಲ್ಲಿ ಧ್ವನಿಯಾಗಿಸಿದರು. ಸಿಂಥಸೈಸರ್ ಇನ್ನೂ ಕೈಗೆ ಸಿಗದ ಕಾಲ. ಮೀಟಿದ ತಂತಿಯ ಸದ್ದು, ಆಸಿಲೇಟರ್‌ನ ಸದ್ದು ಟೇಪಿಗೆ ಹಿಡಿದು, ವೇಗ ಬದಲಿಸಿ, ಒಂದೊಂದು ಸ್ವರಕ್ಕೂ ಟೇಪನ್ನು ಬ್ಲೇಡಿನಿಂದ ಕತ್ತರಿಸಿ ಅಂಟಿಸಿದರು. ಅವರ ಹೆಸರು ತೆರೆಯ ಮೇಲೆ ಬರಲು 2013ರ 50ನೇ ವರ್ಷದ ವಿಶೇಷ ಕಂತಿನವರೆಗೆ ಕಾಯಬೇಕಾಯಿತು. ಅಷ್ಟು ಹೊತ್ತಿಗೆ ಅವರು ತೀರಿಕೊಂಡು ಹತ್ತು ವರ್ಷ ದಾಟಿತ್ತು. ಇದು ಅನ್ಯಾಯ, ಎಷ್ಟು ಸಲ ಹೇಳಿದರೂ ಕಡಿಮೆಯೇ.

ಭಾರತದ ನಂಟು ಏನಾದ್ರೂ ಇದೆಯಾ?

ಮೊದಲ ಕಥೆಯನ್ನು ನಿರ್ದೇಶಿಸಿದ ವಾರಿಸ್ ಹುಸೇನ್ ಹುಟ್ಟಿದ್ದು ಲಖನೌದಲ್ಲಿ. 24ರ ಆಸುಪಾಸಿನ ಭಾರತೀಯ ಯುವಕ, 27ರ ಹೆಣ್ಣುಮಗಳು ನಿರ್ಮಾಪಕಿ, 1963ರ ಬಿಬಿಸಿ. ಆ ಕಟ್ಟಡದಲ್ಲಿ ಇಬ್ಬರೂ ಹೊರಗಿನವರೇ. ಸರಣಿಯ ಹುಟ್ಟಿನ ಕಥೆಯನ್ನು 2013ರಲ್ಲಿ ಟಿವಿ ನಾಟಕ ಮಾಡಿದಾಗ ಹುಸೇನ್ ಪಾತ್ರ ಮಾಡಿದ್ದು ಸಾಶಾ ಧವನ್. ಅದೇ ಧವನ್ 2020ರಲ್ಲಿ ಡಾಕ್ಟರ್‌ನ ಆಜನ್ಮ ವೈರಿ ಮಾಸ್ಟರ್ ಆಗಿ ಬಂದರು.

ನೀವು ಒಂದೇ ಕಂತು ನೋಡುವುದಾದರೆ 2018ರ 'ಡೀಮನ್ಸ್ ಆಫ್ ದಿ ಪಂಜಾಬ್' ನೋಡಿ. ವಿನಯ್ ಪಟೇಲ್ ಬರೆದದ್ದು. ಸಂಗಾತಿ ಯಾಸ್ಮಿನ್ ಖಾನ್ ತನ್ನ ಅಜ್ಜಿಯ ಯೌವನ ನೋಡಬೇಕೆಂದು 1947ರ ಆಗಸ್ಟ್‌ಗೆ ಹೋಗುತ್ತಾಳೆ. ಆ ಅಜ್ಜಿ, ಆಗಿನ ಮುಸ್ಲಿಂ ಹುಡುಗಿ ಉಂಬ್ರೀನ್, ಮತ್ತು ಹಿಂದೂ ಹುಡುಗ ಪ್ರೇಮ್ ಮದುವೆಯಾಗುವ ಹೊತ್ತಿಗೆ ಹೊಲದ ಮಧ್ಯೆ ದೇಶದ ಗಡಿ ಬೀಳುತ್ತದೆ. ರಾಕ್ಷಸರೆಂದು ನಾವು ಅಂದುಕೊಂಡ ಅನ್ಯಗ್ರಹದವರು ಬಂದಿರುವುದು ಅಳುವವರಿಲ್ಲದೆ ಸಾಯುವವರ ಪಕ್ಕ ನಿಲ್ಲುವುದಕ್ಕೆ. ಕೊಲೆಯ ಹೊಣೆ ಪ್ರೇಮ್‌ನ ಸ್ವಂತ ತಮ್ಮನ ಮೇಲಿದೆ. ಡಾಲೆಕ್‌ಗಳಿಂದ ಹೆಸರಾದ ಸರಣಿ ಇಲ್ಲಿಗೂ ಬರಬಲ್ಲದು ಎಂಬುದೇ ಅದರ ಹಿರಿಮೆ.

## ಬಿಸಿ ಚರ್ಚೆಯ ವಿಷಯಗಳು

ಹೊಸ ಡಾಕ್ಟರ್ ಬಂದಾಗಲೆಲ್ಲ ಜನ ಬೈತಾರೆ, ಆಮೇಲೆ ಹೊಗಳ್ತಾರೆ. ನಿಜವಾಗಿ ಸೋತದ್ದು ಯಾವುದು?

1984ರ 'ದಿ ಟ್ವಿನ್ ಡೈಲೆಮಾ'. ನಟ ಕಾಲಿನ್ ಬೇಕರ್ ಅವರ ತಪ್ಪಲ್ಲ, ಅವರ ಸಾಮರ್ಥ್ಯ ಮುಂದೆ ಆಡಿಯೋ ನಾಟಕಗಳಲ್ಲಿ ಎಲ್ಲರಿಗೂ ಕಂಡಿತು. ತಪ್ಪಾದದ್ದು ಬದಲಾವಣೆಯನ್ನು ಜೋಡಿಸಿದ ರೀತಿ. ಹೊಸ ಡಾಕ್ಟರ್ ಮೊದಲ ಕಂತಿನಲ್ಲೇ ಸಂಗಾತಿ ಪೆರಿಯ ಕುತ್ತಿಗೆ ಹಿಸುಕುತ್ತಾನೆ. ನಮ್ಮ ಪರವಾಗಿ ಅನುಮಾನಿಸಬೇಕಾದವಳು ಈಗ ಜೀವಭಯದಲ್ಲಿದ್ದಾಳೆ. ಅವಳು ಅವನನ್ನು ಮತ್ತೆ ನಂಬಲು ಗಟ್ಟಿ ಕಾರಣವೊಂದನ್ನು ಕಥೆ ಕೊಡುವುದೇ ಇಲ್ಲ. ಇಷ್ಟ ಇದ್ದರೂ ಇಲ್ಲದಿದ್ದರೂ ನಾನೇ ಡಾಕ್ಟರ್ ಎಂಬ ಧಾಟಿಯ ಮಾತಿನೊಂದಿಗೆ ಕಥೆ ಮುಗಿಯುತ್ತದೆ. ಮೇಲಾಗಿ ಅದು ಆ ವರ್ಷದ ಕಟ್ಟಕಡೆಯ ಕಥೆ. ಮುಂದಿನ ಕಂತು ಬಂದದ್ದು 1985ರ ಜನವರಿಯಲ್ಲಿ. ಅಷ್ಟು ತಿಂಗಳೂ ಆ ಕೆಟ್ಟ ನೆನಪೊಂದೇ ಜನರ ಜೊತೆ ಉಳಿಯಿತು.

ಇದಕ್ಕೆ ಎದುರಾಗಿ 2005ರ ಕ್ರಿಸ್‌ಮಸ್ ಕಂತು ಇಡಿ. ಹೊಸ ಡಾಕ್ಟರ್ ಡೇವಿಡ್ ಟೆನಂಟ್ ಹೆಚ್ಚಿನ ಹೊತ್ತು ಪೈಜಾಮದಲ್ಲಿ ಮಲಗಿಯೇ ಇರುತ್ತಾರೆ. ಸಂಗಾತಿ ರೋಸ್ ಹಳೆಯವನಿಗಾಗಿ ಅಳುತ್ತಾಳೆ, ಭೂಮಿ ಅಪಾಯದಲ್ಲಿದೆ, ಯಾರೂ ದಿಕ್ಕಿಲ್ಲ. ಡಾಕ್ಟರ್ ಬೇಕು ಎಂಬ ಹಂಬಲ ನಮ್ಮಲ್ಲಿ ತುಂಬಿದ ಮೇಲೆ, ಚೆಲ್ಲಿದ ಚಹಾದ ಹಬೆ ಮೂಗಿಗೆ ಬಡಿದು ಅವನು ಏಳುತ್ತಾನೆ. ಆ ಹೊತ್ತಿಗೆ ಯಾವ ಮುಖವಾದರೂ ಸರಿ ಅನ್ನಿಸಿರುತ್ತದೆ.

ಹೆಣ್ಣನ್ನು ಡಾಕ್ಟರ್ ಮಾಡಿದ್ದು ಒಮ್ಮಿಂದೊಮ್ಮೆಗೆ ಹೇರಿದ್ದಲ್ವಾ?

ಇಲ್ಲ. ಜೋಡಿ ವಿಟ್ಟೇಕರ್ ಹೆಸರು ಪ್ರಕಟವಾದದ್ದು 2017ರ ಜುಲೈನಲ್ಲಿ. ಸಿಡ್ನಿ ನ್ಯೂಮನ್ ಬಿಬಿಸಿಗೆ ಪತ್ರ ಬರೆದು ಈ ಸಲಹೆ ಕೊಟ್ಟದ್ದು 1986ರಲ್ಲಿ. ಟಾಮ್ ಬೇಕರ್ ಬಿಟ್ಟುಹೋಗುವುದಾಗಿ ತಿಳಿಸಿದಾಗ, 1980ರಲ್ಲೇ, ಮುಂದಿನವರು ಹೆಣ್ಣೂ ಆಗಬಹುದು ಎಂಬಂತೆ ಮಾತಾಡಿದ್ದರು. 2010ರಿಂದ ಷೋ ರನ್ನರ್ ಆಗಿದ್ದ ಸ್ಟೀವನ್ ಮೊಫಟ್ ಕಾಲದಲ್ಲಿ ನೆಲ ಹದ ಮಾಡಿದ್ದೂ ಕಾಣುತ್ತದೆ. 2011ರಲ್ಲಿ ಗಂಡೂ ಹೆಣ್ಣೂ ಆಗಿದ್ದ ಟೈಂ ಲಾರ್ಡ್ ಒಬ್ಬರ ಪ್ರಸ್ತಾಪ, 2014ರಲ್ಲಿ ಮಿಶೆಲ್ ಗೋಮೆಜ್ ಮಿಸ್ಸಿಯಾಗಿ, ಅಂದರೆ ಹೆಣ್ಣಾದ ಮಾಸ್ಟರ್ ಆಗಿ, 2015ರಲ್ಲಿ ಒಬ್ಬ ಸೇನಾಧಿಕಾರಿ ತೆರೆಯ ಮೇಲೆಯೇ ಗಂಡಿನಿಂದ ಹೆಣ್ಣಾಗಿ ಬದಲಾದದ್ದು. ವಿಟ್ಟೇಕರ್ ಅವರ ಮೊದಲ ಕಂತನ್ನು ಒಂದು ಕೋಟಿಗೂ ಹೆಚ್ಚು ಬ್ರಿಟನ್ ವೀಕ್ಷಕರು ನೋಡಿದರು. ಅವರ ಅವಧಿಯ ಕಥೆಗಳ ಬಗ್ಗೆ ತಕರಾರು ಇದ್ದರೆ ಬರವಣಿಗೆಯ ಬಗ್ಗೆ ಮಾತಾಡೋಣ.

1989ರಲ್ಲಿ ನಿಂತ ಮೇಲೆ 2005ರವರೆಗೆ ಹೇಗೆ ಜೀವ ಉಳೀತು?

ನೋಡುಗರು ಬರಹಗಾರರಾದರು. 1991ರಿಂದ ಕಾದಂಬರಿಗಳು, 1999ರಿಂದ ಬಿಗ್ ಫಿನಿಶ್ ಸಂಸ್ಥೆಯ ಆಡಿಯೋ ನಾಟಕಗಳು ಡಾಕ್ಟರ್‌ನನ್ನು ಮುಂದಕ್ಕೆ ನಡೆಸಿದವು. ರಸೆಲ್ ಟಿ ಡೇವಿಸ್ ಸ್ವತಃ ಅಂಥದೊಂದು ಕಾದಂಬರಿ ಬರೆದರು. ಪಾಲ್ ಕಾರ್ನೆಲ್ 1995ರಲ್ಲಿ ಬರೆದ ಕಾದಂಬರಿ 2007ರಲ್ಲಿ ಟಿವಿ ಕಂತುಗಳೇ ಆದವು. 1986ರಲ್ಲಿ ಟಿವಿ ಕಾರ್ಯಕ್ರಮವೊಂದರಲ್ಲಿ ಕೂತು ಆ ವರ್ಷದ ಕಥೆಗಳನ್ನು ಕಟುವಾಗಿ ಟೀಕಿಸಿದ ಹದಿಹರೆಯದ ಹುಡುಗ ಕ್ರಿಸ್ ಚಿಬ್ನಲ್, 2018ರಲ್ಲಿ ಷೋ ರನ್ನರ್.

2005ರಲ್ಲಿ ಹಳೆಯದನ್ನೆಲ್ಲ ಅಳಿಸಿ ಹೊಸದಾಗಿ ಶುರು ಮಾಡಿದ್ರಾ?

ಅಳಿಸಲಿಲ್ಲ, ಕಥೆಯೊಳಗೇ ಸುಟ್ಟುಹಾಕಿದರು. ಟೈಂ ವಾರ್ ಎಂಬ ಮಹಾಯುದ್ಧದಲ್ಲಿ ಡಾಕ್ಟರ್‌ನ ಊರು ಗ್ಯಾಲಿಫ್ರೆ ನಾಶವಾಗಿದೆ, ಉಳಿದವನು ಅವನೊಬ್ಬ. ಹಳೆಯ ಪುರಾಣ ಗೊತ್ತಿಲ್ಲದವರು ಏನೂ ಕಳೆದುಕೊಳ್ಳುವುದಿಲ್ಲ, ಗೊತ್ತಿದ್ದವರಿಗೆ ಅದು ಎದೆಗೆ ನಾಟುವ ಸುದ್ದಿ. 26 ವರ್ಷಗಳ ಕಥಾಭಾರವನ್ನು ಒಬ್ಬ ಮನುಷ್ಯನ ದುಃಖವಾಗಿ ಬದಲಿಸಿದ ಈ ಉಪಾಯ, ನನ್ನ ಲೆಕ್ಕದಲ್ಲಿ, 1966ರದರ ನಂತರದ ಅತಿ ಜಾಣ ಹೆಜ್ಜೆ.

## ಹಳೆಯ ನೋಡುಗರ ಪ್ರಶ್ನೆಗಳು

ಕಥೆಗಳ ನಡುವೆ ಇಷ್ಟೊಂದು ತಾಳಮೇಳ ಇಲ್ಲ. ಯಾವುದು ಅಧಿಕೃತ?

ಬಿಬಿಸಿ ಅಂಥ ಪಟ್ಟಿ ಮಾಡಿಟ್ಟಿಲ್ಲ. ಅಟ್ಲಾಂಟಿಸ್ ನಾಶಕ್ಕೆ ಈ ಸರಣಿ ಮೂರು ಬೇರೆ ಬೇರೆ ಕಾರಣ ಕೊಟ್ಟಿದೆ. 1996ರ ಚಿತ್ರ ಡಾಕ್ಟರ್ ಅರ್ಧ ಮನುಷ್ಯ ಎಂದಿತು, ಮುಂದೆ ಬಂದವರು ಅದನ್ನು ಹೆಚ್ಚಾಗಿ ಪಕ್ಕಕ್ಕಿಟ್ಟರು. ಇನ್ನೊಂದು ಕಾರಣವೂ ಇದೆ. ಹಳೆಯ ಕಾಲದಲ್ಲಿ ಮರುಪ್ರಸಾರ ಅಪರೂಪ, ಕಂತುಗಳನ್ನು ಯಾರಾದರೂ ಮತ್ತೆ ನೋಡುತ್ತಾರೆಂದು ಬರೆದವರು ಅಂದುಕೊಂಡೇ ಇರಲಿಲ್ಲ. ಬಿಬಿಸಿ ಟೇಪುಗಳನ್ನು ಅಳಿಸಿ ಮರುಬಳಕೆ ಮಾಡಿತು, 1960ರ ದಶಕದ 90ಕ್ಕೂ ಹೆಚ್ಚು ಕಂತುಗಳು ಕಳೆದುಹೋದವು. 2013ರಲ್ಲಿ ನೈಜೀರಿಯಾದಲ್ಲಿ ಒಂಬತ್ತು ಸಿಕ್ಕವು. ಟಿವಿ ಮುಂದೆ ಟೇಪ್ ರೆಕಾರ್ಡರ್ ಇಟ್ಟ ಅಭಿಮಾನಿಗಳ ಕೃಪೆಯಿಂದ ಎಲ್ಲ ಕಂತುಗಳ ಧ್ವನಿ ಮಾತ್ರ ಉಳಿದಿದೆ.

ಡಾಕ್ಟರ್‌ಗೆ 13 ಜನ್ಮ ಮಾತ್ರ ಅಂತ ಇತ್ತಲ್ಲ?

1976ರಲ್ಲಿ ಸಾಯುತ್ತಿದ್ದ ಮಾಸ್ಟರ್‌ನ ಹತಾಶೆಗೆ ಕಾರಣ ಬೇಕಿತ್ತು, ಅದಕ್ಕೆ ರಾಬರ್ಟ್ ಹೋಮ್ಸ್ 12 ಸಲ ಮಾತ್ರ ಬದಲಾಗಬಹುದು ಎಂದು ಬರೆದರು. ಆ ಒಂದು ಸಾಲು 37 ವರ್ಷ ಕಾಡಿತು. 2013ರ ಕ್ರಿಸ್‌ಮಸ್ ಕಂತಿನಲ್ಲಿ ಮೊಫಟ್ ಅದನ್ನು ನೇರವಾಗಿ ಎದುರಿಸಿದರು. ಲೆಕ್ಕ ಹಾಕಿದರೆ ಮ್ಯಾಟ್ ಸ್ಮಿತ್‌ನದೇ ಕೊನೆಯ ದೇಹ. ಸಂಗಾತಿ ಕ್ಲಾರಾ ಗೋಡೆಯ ಬಿರುಕಿನ ಮುಂದೆ ಮಂಡಿಯೂರಿ ಟೈಂ ಲಾರ್ಡ್ಸ್‌ಗೆ ಬೇಡಿಕೊಳ್ಳುತ್ತಾಳೆ, ಅವರು ಹೊಸ ಸುತ್ತು ಕೊಡುತ್ತಾರೆ.

ಟೈಂಲೆಸ್ ಚೈಲ್ಡ್ ಕಥೆ ಸರಣಿಯನ್ನೇ ಹಾಳು ಮಾಡ್ತು ಅಂತಾರೆ. ನೀವೇನಂತೀರಿ?

2020ರಲ್ಲಿ ಚಿಬ್ನಲ್, ಹಾರ್ಟ್‌ನೆಲ್‌ಗೂ ಮೊದಲು ಡಾಕ್ಟರ್ ಎಷ್ಟೋ ಜನ್ಮ ಕಳೆದಿದ್ದಳು, ಅದು ಅವಳಿಗೇ ನೆನಪಿಲ್ಲ ಎಂದು ತೋರಿಸಿದರು. ಇದು ಪೂರ್ತಿ ಹೊಸದೇನಲ್ಲ. 1976ರ ಇನ್ನೊಂದು ಕಥೆಯಲ್ಲಿ ಡಾಕ್ಟರ್‌ನ ಹಿಂದಿನ ಮುಖಗಳು ಎಂಬಂತೆ ಎಂಟು ಅಪರಿಚಿತ ಮುಖಗಳು ಮಿಂಚಿದ್ದವು, ಅವು ತಯಾರಿಕೆಯ ತಂಡದವರದೇ. ಆದ್ದರಿಂದ ಕಲ್ಪನೆಗೆ ನನ್ನ ವಿರೋಧವಿಲ್ಲ.

ಅದನ್ನು ಹೇಳಿದ ಬಗೆ ಸರಿಹೋಗಲಿಲ್ಲ. ಮಾಸ್ಟರ್ ಮಾತಾಡುತ್ತಲೇ ಇರುತ್ತಾನೆ, ಡಾಕ್ಟರ್ ಬಂಧಿಯಾಗಿ ಕೇಳುತ್ತಾಳೆ. ಸಂಗಾತಿಗಳು ಬೇರೆಲ್ಲೋ ಯಂತ್ರಮಾನವರಾದ ಸೈಬರ್‌ಮೆನ್‌ಗಳಿಂದ ತಪ್ಪಿಸಿಕೊಳ್ಳುತ್ತಿದ್ದಾರೆ. ಸರಣಿಯ ಬುಡವನ್ನೇ ಅಲುಗಿಸುವ ಮಾತು ಬಂದಾಗ 'ಇದು ನಿಜವಾ, ಹಾಗಾದರೆ ನೀನು ಯಾರು' ಎಂದು ಕೇಳುವ ಬೆನ್ ಅಲ್ಲಿಲ್ಲ, ಪಾಲಿಯೂ ಇಲ್ಲ.

ಈಗ ಪರಿಸ್ಥಿತಿ ಏನು? ಬಿಲ್ಲಿ ಪೈಪರ್ ನಿಜವಾಗ್ಲೂ ಹೊಸ ಡಾಕ್ಟರಾ?

2025ರ ಮೇ 31ರ ಕಂತಿನ ಕೊನೆಯಲ್ಲಿ ಆಗ ಡಾಕ್ಟರ್ ಆಗಿದ್ದ ಶೂಟಿ ಗಟ್ವಾ ಬೆಳಕಾಗಿ, ಆ ಜಾಗದಲ್ಲಿ ಹಿಂದೆ ರೋಸ್ ಆಗಿದ್ದ ಬಿಲ್ಲಿ ಪೈಪರ್ ನಿಂತರು. ಹೆಸರುಗಳ ಪಟ್ಟಿಯಲ್ಲಿ ಅವರನ್ನು ಪರಿಚಯಿಸಿದರು, ಆದರೆ ಡಾಕ್ಟರ್ ಪಾತ್ರದಲ್ಲಿ ಎಂದು ಬರೆಯಲಿಲ್ಲ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಡಿಸ್ನಿ ಪ್ಲಸ್ ಜೊತೆಗಿನ ಪಾಲುದಾರಿಕೆ ಮುಗಿಯಿತೆಂದೂ, 2026ರ ಕ್ರಿಸ್‌ಮಸ್ ಕಂತನ್ನು ಡೇವಿಸ್ ಬರೆಯುತ್ತಾರೆಂದೂ ಬಿಬಿಸಿ ತಿಳಿಸಿತು.

ನನ್ನ ಗಮನವೆಲ್ಲ ಇರುವುದು ಆ ದೃಶ್ಯದ ಒಂದು ಅಂಶದ ಮೇಲೆ. ಗಟ್ವಾ ಬದಲಾಗುವಾಗ ಟಾರ್ಡಿಸ್‌ನಲ್ಲಿ ಅವರೊಬ್ಬರೇ. ಸಂಗಾತಿ ಬೆಲಿಂಡಾ ಪಾತ್ರದ ವರದಾ ಸೇತು ಮನೆ ಸೇರಿಯಾಗಿದೆ. ರೋಸ್‌ನ ಮುಖ ಹೊತ್ತು ಬಂದ ಈ ಅಪರಿಚಿತಳ ಎದುರು ನಿಂತು, ಅವಳ ಬೆರಳಿಗೆ ಉಂಗುರ ಹಾಕಿ ನೋಡುವವರನ್ನು ಡೇವಿಸ್ ಮೊದಲು ಹುಡುಕಬೇಕು.